ಹೊಸ ರೂಟರ್ ಬಂತು, ಹಳೇ ಲ್ಯಾಪ್‌ಟಾಪ್ ವೈಫೈಗೆ ಸೇರ್ತಿಲ್ಲ. ಕಾರ್ಡ್ ಹೋಗಿದ್ಯಾ?

ಹಳೆಪೆಟ್ಟಿಗೆ · ರಾತ್ರಿ 8:40

ಫೈಬರ್ ಕನೆಕ್ಷನ್ ಜೊತೆ ಹೊಸ ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡೂ ಇರೋ) ರೂಟರ್ ಕೂರಿಸಿ ಹೋಗಿದ್ದಾರೆ. ಫೋನ್‌ಗಳು, ಟಿವಿ ಎಲ್ಲಾ ಮೊದಲ ಸಲಕ್ಕೇ ಸೇರ್ಕೊಂಡ್ವು. ಲ್ಯಾಪ್‌ಟಾಪ್ ಮಾತ್ರ ಜಪ್ಪಯ್ಯ ಅಂದ್ರೂ ಸೇರ್ತಿಲ್ಲ. 2014ರ ಮಾಡೆಲ್, ವಿಂಡೋಸ್ 10. ಲಿಸ್ಟಲ್ಲಿ ನೆಟ್‌ವರ್ಕ್ ಹೆಸರು ಕಾಣತ್ತೆ, ಪಕ್ಕದಲ್ಲಿ ಬೀಗದ ಗುರುತೂ ಇದೆ. ಕನೆಕ್ಟ್ ಒತ್ತಿದ್ರೆ ಒಮ್ಮೊಮ್ಮೆ ಪಾಸ್‌ವರ್ಡ್ ಕೇಳತ್ತೆ, ಒಮ್ಮೊಮ್ಮೆ ಕೇಳೋದೇ ಇಲ್ಲ. ಕೊನೆಗೆ ಎರಡರಲ್ಲೂ ಒಂದೇ ಉತ್ತರ: «ಕಾಂಟ್ ಕನೆಕ್ಟ್ ಟು ದಿಸ್ ನೆಟ್‌ವರ್ಕ್».

ಫೋನ್ ಹಾಟ್‌ಸ್ಪಾಟ್‌ಗೆ ಈಗ್ಲೂ ಸೇರತ್ತೆ. ರಿಪೇರಿ ಅಂಗಡಿಯಲ್ಲಿ ವೈಫೈ ಕಾರ್ಡ್ ಹೋಗಿದೆ, ಬದಲಾಯಿಸ್ಬೇಕು ಅಂತಿದ್ದಾರೆ. ನಿಜಾನಾ?

ಗಿರಗಿಟ್ಲೆ · 8:44

ಫರ್ಗೆಟ್ ಕೊಟ್ಟು ಮತ್ತೆ ಹಾಕಿ. ಆಗ್ಲಿಲ್ಲ ಅಂದ್ರೆ ರೀಸ್ಟಾರ್ಟ್.

ಹಳೆಪೆಟ್ಟಿಗೆ · 8:46

ಎರಡೂ ಆಯ್ತು. ನೆಟ್‌ವರ್ಕ್ ರೀಸೆಟ್ಟೂ ಮಾಡ್ದೆ.

ಸಾಲುಮರ · 8:53

ಮೊದಲು ಪಾಸ್‌ವರ್ಡ್ ಕಡೆಯಿಂದ ಅನುಮಾನ ತೀರಿಸ್ಕೊಳ್ಳಿ, ಹತ್ತರಲ್ಲಿ ಆರು ಸಲ ತಪ್ಪು ಅಲ್ಲೇ ಇರತ್ತೆ. ಟೈಪ್ ಮಾಡೋ ಜಾಗದ ಬಲಗಡೆ ಕಣ್ಣಿನ ಚಿಹ್ನೆ ಇದ್ಯಲ್ಲ, ಅದನ್ನ ಒತ್ತಿ ಹಿಡಿದು ಏನು ಬಿದ್ದಿದೆ ಅಂತ ಓದಿ.

ವಾಟ್ಸಾಪ್‌ನಲ್ಲಿ ಬಂದ ಪಾಸ್‌ವರ್ಡ್ ಆದ್ರೆ ಎರಡು ರೋಗ ಇರ್ತವೆ. ಒಂದು, ಕಳಿಸಿದವರ ಫೋನು ಮೊದಲ ಅಕ್ಷರವನ್ನ ತಾನೇ ದೊಡ್ಡಕ್ಷರ ಮಾಡಿರತ್ತೆ. ಇನ್ನೊಂದು, ಕಾಪಿ ಮಾಡುವಾಗ ಕೊನೆಗೆ ಒಂದು ಸ್ಪೇಸ್ ಅಂಟ್ಕೊಂಡು ಬಂದಿರತ್ತೆ. ಸ್ಪೇಸ್ ಕೂಡ ಪಾಸ್‌ವರ್ಡ್‌ನಲ್ಲಿ ಒಂದು ಅಕ್ಷರವೇ, ವಿಂಡೋಸ್ ಅದನ್ನ ಕಿತ್ತು ಬಿಸಾಕಲ್ಲ.

ರೂಟರ್ ತಳದ ಸ್ಟಿಕ್ಕರ್ ನೋಡಿ ಹೊಡೀತಿದ್ರೆ ಸೊನ್ನೆ–ಓ, ಒಂದು–ಎಲ್–ಐ ಇವನ್ನ ಅದಲು ಬದಲು ಮಾಡಿರ್ತೀರ. ಅದಕ್ಕೆ ಸುಲಭ ದಾರಿ: ಸೇರಿರೋ ಆಂಡ್ರಾಯ್ಡ್ ಫೋನಲ್ಲಿ ವೈಫೈ ಸೆಟ್ಟಿಂಗ್‌ಗೆ ಹೋಗಿ «ಶೇರ್» ಒತ್ತಿ. ಕ್ಯುಆರ್ ಕೋಡ್ ಕೆಳಗೆ ಪಾಸ್‌ವರ್ಡ್ ಅಕ್ಷರದಲ್ಲೇ ಬರತ್ತೆ, ಆಂಡ್ರಾಯ್ಡ್ 10 ಇಂದ ಈಚೆಗೆ ಇದು ಇದೆ.

ನುಡಿಯೋ ಬರಹವೋ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಿಂದೆ ಓಡ್ತಿದ್ರೆ ಆಫ್ ಮಾಡಿ. ವಿಂಡೋಸ್‌ನ ಕನ್ನಡ ಕೀಬೋರ್ಡ್ ಹಾಕ್ಕೊಂಡಿದ್ರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಡಬ್ಲ್ಯುಪಿಎ2 (ವೈಫೈಗೆ ಬೀಗ ಹಾಕೋ ವಿಧಾನ) ಪಾಸ್‌ವರ್ಡ್ 8ರಿಂದ 63 ಅಕ್ಷರ, ಅದೂ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು. ಕನ್ನಡ ಅಕ್ಷರ ಅಲ್ಲಿ ನಡಿಯಲ್ಲ.

ಕೀಲಿಮಣೆ · 8:57

ಇದಕ್ಕೆ ಒಂದು ಬಾಲಂಗೋಚಿ. ಬಲಗಡೆ ನಂಬರ್ ಪ್ಯಾಡ್ ಇಲ್ಲದ ಹಳೇ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆಗಿದ್ರೆ ಯು, ಐ, ಓ ಒತ್ತಿದಾಗ 4, 5, 6 ಬೀಳತ್ತೆ. ಜೆ, ಕೆ, ಎಲ್‌ಗೆ 1, 2, 3. ಚುಕ್ಕಿ ಮರೆಯಲ್ಲಿ ಅದು ಕಾಣೋದೇ ಇಲ್ಲ.

ರೂಟರ್‌ರಾಯ · 9:05

ಪಾಸ್‌ವರ್ಡ್ ಪುರಾಣ ನಿಲ್ಸಿ ಸ್ವಾಮಿ. ಅವರು ಬರೆದಿದ್ದನ್ನ ಓದಿ: ಒಮ್ಮೊಮ್ಮೆ ಪಾಸ್‌ವರ್ಡ್ ಕೇಳೋದೇ ಇಲ್ಲ ಅಂದಿದ್ದಾರೆ. ಕೇಳದೇ ಇರೋ ಪಾಸ್‌ವರ್ಡ್ ತಪ್ಪಾಗೋದು ಹೆಂಗೆ?

ವೈಫೈ ಸೇರೋದು ಮೂರು ಬಾಗಿಲು ದಾಟಿದ ಹಾಗೆ. ಹೆಸರು ಕಾಣ್ಬೇಕು, ಅಂದ್ರೆ ಬ್ಯಾಂಡೂ ಚಾನೆಲ್ಲೂ ಕಾರ್ಡ್‌ಗೆ ಹಿಡಿಸ್ಬೇಕು. ಆಮೇಲೆ ಎನ್‌ಕ್ರಿಪ್ಷನ್ (ಮಾತನ್ನ ಗುಟ್ಟಾಗಿಸೋ) ವಿಧಾನಕ್ಕೆ ಇಬ್ಬರೂ ಒಪ್ಪಿ ಪಾಸ್‌ವರ್ಡ್ ತಾಳೆ ಆಗ್ಬೇಕು. ಅದಾದ ಮೇಲೆ ರೂಟರ್ ಐಪಿ ಅಡ್ರೆಸ್ ಕೊಡ್ಬೇಕು. ಮೂರನೇದ್ರಲ್ಲಿ ಸಿಕ್ಕಿಬಿದ್ರೆ «ಕನೆಕ್ಟೆಡ್, ನೋ ಇಂಟರ್ನೆಟ್» ಅಂತ ಬರತ್ತೆ, ಐಪಿ 169.254 ಇಂದ ಶುರುವಾಗಿರತ್ತೆ. ಇವರದ್ದು ಅಲ್ಲಿಗೆ ಹೋಗೇ ಇಲ್ಲ, ಎರಡನೇ ಬಾಗಿಲಲ್ಲೇ ತಡೆ.

@ಹಳೆಪೆಟ್ಟಿಗೆ ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ ಕಮಾಂಡ್ ಪ್ರಾಂಪ್ಟ್ ತೆಗೀರಿ. «ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್» ಹೊಡೀರಿ. ಇಂಗ್ಲಿಷಲ್ಲೇ ಮತ್ತೆ: ಎನ್‌ಇಟಿಎಸ್‌ಎಚ್, ಸ್ಪೇಸ್, ಡಬ್ಲ್ಯುಎಲ್‌ಎಎನ್, ಸ್ಪೇಸ್, ಶೋ, ಸ್ಪೇಸ್, ಡ್ರೈವರ್ಸ್. ಬಂದಿದ್ರಲ್ಲಿ ನಾಲ್ಕು ವಿಷಯ ಇಲ್ಲಿ ಹಾಕಿ. ಕಾರ್ಡ್ ಹೆಸರು, ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ತಾರೀಖು, ರೇಡಿಯೋ ಟೈಪ್ಸ್ ಸಾಲು, ಆಮೇಲೆ ಅಥೆಂಟಿಕೇಷನ್ ಅಂಡ್ ಸೈಫರ್ ಅನ್ನೋ ಪಟ್ಟಿ. 802.11ಡಬ್ಲ್ಯು ಅಂತ ಒಂದು ಸಾಲು ಇರತ್ತೆ, ಅದೂ ಬೇಕು.

ಬಯಲುಸೀಮೆ · 9:08

ಇಷ್ಟೆಲ್ಲ ಯಾಕೆ. ಪಾಸ್‌ವರ್ಡೇ ತೆಗೆದು ಓಪನ್ ಬಿಡಿ, ಮ್ಯಾಕ್ ಫಿಲ್ಟರ್ (ಗೊತ್ತಿರೋ ಸಾಧನಗಳ ನಂಬರ್‌ಗಷ್ಟೇ ಪ್ರವೇಶ) ಹಾಕಿ, ಹೆಸರು ಹೈಡ್ ಮಾಡಿ. ಯಾರಿಗೂ ಸಿಗಲ್ಲ.

ರೂಟರ್‌ರಾಯ · 9:11

ಮನೆ ಬಾಗಿಲು ತೆಗೆದಿಟ್ಟು ಹೊಸಲ ಮುಂದೆ ಗಿಡ ಅಡ್ಡ ಇಟ್ಟ ಹಾಗಾಯ್ತು.

ಹುಬ್ಳಿಹುಡ್ಗ · 9:16

ಬಯಲುಸೀಮೆಯವರ, ಮೂರೂ ತಪ್ಪ ಅದಾವ್ರಿ. ಮ್ಯಾಕ್ ಅಡ್ರೆಸ್ ಗಾಳ್ಯಾಗ ಪ್ರತಿ ಪ್ಯಾಕೆಟ್ ಮ್ಯಾಲೆ ಬಿಚ್ಚಿಟ್ಟಂಗ ಹೋಗ್ತದ, ಎನ್‌ಕ್ರಿಪ್ಟ್ ಆಗೂದಿಲ್ಲ. ಕೇಳಿಸ್ಕೊಂಡವ ಅದನ್ನ ತನ್ನ ಕಾರ್ಡಿಗೆ ಹಾಕ್ಕೊಂಡ್ರ ಮುಗೀತು. ಮ್ಯಾಲೆ ಈಗಿನ ಫೋನ್ ಒಂದೊಂದ್ ನೆಟ್‌ವರ್ಕಿಗೆ ಒಂದೊಂದ್ ಸುಳ್ಳ ಮ್ಯಾಕ್ ತೋರಸ್ತಾವ, ಹಂಗಾಗಿ ಫಿಲ್ಟರ್ ಹಾಕಿದ್ರ ನಿಮ್ಮ ಮನಿ ಮಂದೀನ ಹೊರಗ ನಿಲ್ತಾರ.

ಹೆಸರ ಮುಚ್ಚಿಟ್ರ ಇನ್ನೂ ತ್ರಾಸ. ರೂಟರ್ ಹೆಸರ ಹೇಳೂದಿಲ್ಲ ಅಂತ ನಿಮ್ಮ ಲ್ಯಾಪ್‌ಟಾಪ್ ತಾನ ಹೋದಲ್ಲೆಲ್ಲಾ, ಬಸ್ ಸ್ಟ್ಯಾಂಡಿನ್ಯಾಗೂ, «ನಮ್ಮನಿ ವೈಫೈ ಇದ್ದೀಯೇನಪಾ» ಅಂತ ಕೂಗ್ಕೋತ ಅಡ್ಡಾಡ್ತದ.

ಬಯಲುಸೀಮೆ · 9:19

ಸರಿ ಓಪನ್ ಬೇಡ, ಡಬ್ಲ್ಯುಇಪಿ (ವೈಫೈನ ಮೊದಲ ಕಾಲದ ಬೀಗ) ಹಾಕ್ಲಿ. ಹಳೇ ಲ್ಯಾಪ್‌ಟಾಪ್‌ಗೆ ಹಳೇದೇ ಸರಿ.

ಸಾಲುಮರ · 9:27

ಡಬ್ಲ್ಯುಇಪಿ ಅಂದ್ರೆ ಓಪನ್ ಇದ್ದ ಹಾಗೇ, ಸುಮ್ನೆ ಸಮಾಧಾನಕ್ಕೆ ಒಂದು ಚಿಲಕ ಅಷ್ಟೇ. ಅದು ಬಳಸೋ ಆರ್‌ಸಿ4 ಎನ್‌ಕ್ರಿಪ್ಷನ್‌ನ ಕೀ ಜೋಡಣೆಯ ದೋಷವನ್ನ 2001ರಲ್ಲೇ ಫ್ಲೂರರ್, ಮಾಂಟಿನ್, ಶಮೀರ್ ತೋರಿಸಿದ್ರು. 2007ರ ಹೊತ್ತಿಗೆ ಸುಮಾರು 40,000 ಪ್ಯಾಕೆಟ್ ಹಿಡಿದ್ರೆ 104 ಬಿಟ್ ಕೀ ಅರ್ಧಕ್ಕರ್ಧ ಸಲ ಸಿಕ್ಕಿಬಿಡೋ ಮಟ್ಟಕ್ಕೆ ಬಂತು. ನಿಮಿಷದ ಕೆಲಸ.

ಇನ್ನೊಂದು ವಿಷಯ ಜನ ಮರೀತಾರೆ. ಡಬ್ಲ್ಯುಇಪಿ ಅಥವಾ ಟಿಕೆಐಪಿ (ಮೊದಲ ಡಬ್ಲ್ಯುಪಿಎಯ ಎನ್‌ಕ್ರಿಪ್ಷನ್) ಹಾಕಿದ ತಕ್ಷಣ 802.11ಎನ್ ಅನ್ನೋ ವೈಫೈ ಮಟ್ಟದ ವೇಗ ಸಿಗೋದಿಲ್ಲ, ಕಾರ್ಡ್ ಹಳೇ 54 ಎಂಬಿಪಿಎಸ್‌ಗೆ ಇಳಿದುಬಿಡತ್ತೆ. ನಿಯಮವೇ ಹಾಗಿದೆ.

ಅಷ್ಟು ಕೆಳಗಿಳಿಯೋ ಅಗತ್ಯವೂ ಇಲ್ಲ. 2006ರ ಮಾರ್ಚ್ ಆದ್ಮೇಲೆ ವೈಫೈ ಮುದ್ರೆ ಬೇಕು ಅಂದ್ರೆ ಡಬ್ಲ್ಯುಪಿಎ2 ಇರಲೇಬೇಕು. 2014ರ ಪೆಟ್ಟಿಗೆಗೆ ಡಬ್ಲ್ಯುಪಿಎ2-ಎಇಎಸ್ (ಎಇಎಸ್ ಅಂದ್ರೆ ಅದರ ಗಟ್ಟಿ ಎನ್‌ಕ್ರಿಪ್ಷನ್) ನೀರು ಕುಡಿದಷ್ಟು ಸುಲಭ. ಇವರದ್ದು ಅದಕ್ಕಿಂತ ಮೇಲಿನದ್ದರ ತೊಂದರೆ ಅಂತ ನನ್ನ ಗುಮಾನಿ.

ಹಳೆಪೆಟ್ಟಿಗೆ · 9:34

ಬಂತು ನೋಡಿ.
ಕಾರ್ಡ್: ಕ್ವಾಲ್‌ಕಾಮ್ ಅಥೆರೋಸ್ ಕ್ಯೂಸಿಎ9565.
ರೇಡಿಯೋ: 802.11ಬಿ, 802.11ಜಿ, 802.11ಎನ್.
ಅಥೆಂಟಿಕೇಷನ್ ಪಟ್ಟಿ: ಓಪನ್, ಡಬ್ಲ್ಯುಪಿಎ-ಪರ್ಸನಲ್, ಡಬ್ಲ್ಯುಪಿಎ2-ಪರ್ಸನಲ್, ಎಂಟರ್‌ಪ್ರೈಸ್ ಅಂತೆಲ್ಲ ಇದೆ. ಎಲ್ಲೂ 3 ಅಂಕಿ ಕಾಣಿಸ್ತಿಲ್ಲ.

ರೂಟರ್ ಪೇಜಲ್ಲಿ ಸೆಕ್ಯುರಿಟಿ ಅನ್ನೋ ಕಡೆ «ಡಬ್ಲ್ಯುಪಿಎ3-ಪರ್ಸನಲ್» ಅಂತಿದೆ.

ರೂಟರ್‌ರಾಯ · 9:36

ಸಿಕ್ಕಿಬಿದ್ದ ಕಳ್ಳ.

ರೂಟರ್‌ರಾಯ · 9:48

ಬಿಡಿಸಿ ಹೇಳ್ತೀನಿ. ಡಬ್ಲ್ಯುಪಿಎ2ನಲ್ಲಿ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಹೆಸರನ್ನ ಸೇರಿಸಿ 4096 ಸಲ ಅರೆದು 256 ಬಿಟ್ ಕೀ ಮಾಡ್ತಾರೆ. ಆಮೇಲೆ ಎರಡೂ ಕಡೆಯವರು ನಾಲ್ಕು ಸಂದೇಶ ವಿನಿಮಯ ಮಾಡಿ ತಾಳೆ ನೋಡ್ತಾರೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಆ ನಾಲ್ಕಕ್ಕಿಂತ ಮುಂಚೆ ಎಸ್‌ಎಇ ಅನ್ನೋ ಇನ್ನೊಂದು ಸುತ್ತು ಮಾತುಕತೆ ಇಡತ್ತೆ. ಜೊತೆಗೆ ಪಿಎಂಎಫ್, ಅಂದ್ರೆ «ಕನೆಕ್ಷನ್ ಕಡಿ» ತರದ ನಿರ್ವಹಣಾ ಸಂದೇಶಗಳಿಗೂ ಸಹಿ, ಕಡ್ಡಾಯ. 802.11ಡಬ್ಲ್ಯು ಅಂದಿದ್ದು ಅದನ್ನೇ.

ವಿಂಡೋಸ್ 10ಕ್ಕೆ ಡಬ್ಲ್ಯುಪಿಎ3 1903 ಆವೃತ್ತಿಯಿಂದ ಗೊತ್ತು. ಆದ್ರೆ ವಿಂಡೋಸ್‌ಗೆ ಗೊತ್ತಿದ್ರೆ ಸಾಲದು, ಕಾರ್ಡಿನ ಡ್ರೈವರ್‌ಗೂ ಗೊತ್ತಿರ್ಬೇಕು. ನಿಮ್ಮ ಡ್ರೈವರ್‌ಗೆ ಗೊತ್ತಿಲ್ಲ, ಆ ಪಟ್ಟಿ ಹೇಳ್ತಿರೋದು ಅಷ್ಟೇ. ಫೋನ್ ಹಾಟ್‌ಸ್ಪಾಟ್ ಡಬ್ಲ್ಯುಪಿಎ2ನಲ್ಲಿ ಇರೋದ್ರಿಂದ ಅಲ್ಲಿ ಸೇರತ್ತೆ. ಕಾರ್ಡ್ ಗಟ್ಟಿಮುಟ್ಟಾಗಿದೆ.

ರೇಡಿಯೋ ಸಾಲಲ್ಲಿ 802.11ಎ ಆಗಲಿ ಎಸಿ ಆಗಲಿ ಇಲ್ಲ. ಅಂದ್ರೆ ನಿಮ್ಮದು ಬರೀ 2.4 ಗಿಗಾಹರ್ಟ್ಸ್ ಕಾರ್ಡು. ರೂಟರ್‌ನ ಎರಡನೇ ಹೆಸರು, ಕೊನೆಗೆ 5ಜಿ ಅಂತಿರೋದು, ಈ ಲ್ಯಾಪ್‌ಟಾಪ್‌ಗೆ ಜನ್ಮದಲ್ಲಿ ಕಾಣಲ್ಲ.

ಗಿರಗಿಟ್ಲೆ · 9:50

5ಜಿ ಸಿಮ್ ಹಾಕಿದ್ರೆ ಕಾಣತ್ತಾ?

ಸಾಲುಮರ · 9:51

ಅದು ಬೇರೆ 5ಜಿ ಮಾರಾಯ. ಇಲ್ಲಿ 5 ಅಂದ್ರೆ ಗಿಗಾಹರ್ಟ್ಸ್, ಅಲ್ಲಿ ಐದನೇ ತಲೆಮಾರು. ಈ ಹೆಸರಿಟ್ಟವರಿಗೆ ಒಂದು ನಮಸ್ಕಾರ.

ಲಿನಕ್ಸ್‌ಲಿಂಗು · 9:58

ಅಂಗಡಿಯವರ ಮಾತು ಸುಳ್ಳು ಅಂತ ದುಡ್ಡಿಲ್ಲದೆ ಸಾಬೀತು ಮಾಡ್ಬೋದು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅನ್ನೋ ಸಾಫ್ಟ್‌ವೇರ್‌ನಿಂದ ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಓಡೋದು) ಬರೆದು ಅದರಿಂದ ಬೂಟ್ ಮಾಡಿ. ಡೆಲ್, ಲೆನೋವೋದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಇನ್‌ಸ್ಟಾಲ್ ಒತ್ತಬೇಡಿ, ಲೈವ್ ಆಗೇ ಓಡಲಿ. ಈ ಕಾರ್ಡ್‌ಗೆ ಅಲ್ಲಿ ಎಟಿಎಚ್9ಕೆ ಡ್ರೈವರ್ ಇದೆ, ಅದು ಪಿಎಂಎಫ್ ನಿಭಾಯಿಸತ್ತೆ. ಎಸ್‌ಎಇ ಮಾತುಕತೆಯನ್ನ ಕಾರ್ಡ್ ಅಲ್ಲ, ಮೇಲಿನ ಸಾಫ್ಟ್‌ವೇರೇ ಮಾಡತ್ತೆ. ಹಾಗಾಗಿ ಇದೇ ಕಾರ್ಡ್ ಲಿನಕ್ಸ್‌ನಲ್ಲಿ ಡಬ್ಲ್ಯುಪಿಎ3ಗೆ ಸೇರತ್ತೆ.

ಹಳೇ ಬ್ರಾಡ್‌ಕಾಮ್ ಕಾರ್ಡ್ ಇರೋವ್ರು ಈ ಖುಷಿ ಪಡಬೇಡಿ. ಅವರ ಡಬ್ಲ್ಯುಎಲ್ ಡ್ರೈವರ್‌ಗೆ ಲಿನಕ್ಸ್‌ನಲ್ಲೂ ಡಬ್ಲ್ಯುಪಿಎ3 ಬರಲ್ಲ.

ಬಯಲುಸೀಮೆ · 10:00

ಬಂತಪ್ಪ, ಪ್ರತಿ ಚರ್ಚೆಗೂ ಲಿನಕ್ಸ್ ಹಾಕಿ ಅನ್ನೋವ್ರು ಒಬ್ಬರು.

ಲಿನಕ್ಸ್‌ಲಿಂಗು · 10:01

ಹಾಕಿ ಅಂದಿಲ್ಲ, ಪರೀಕ್ಷೆ ಮಾಡಿ ಅಂದೆ. ಓದೋಕೆ ಕಾಸು ಕೊಡ್ಬೇಕಾಗಿಲ್ಲ.

ಹುಬ್ಳಿಹುಡ್ಗ · 10:09

ಈಗ ರೂಟರ್ ಕಡೆ ಬರೂಣು. ಕಮಾಂಡ್ ಪ್ರಾಂಪ್ಟಿನ್ಯಾಗ ಐಪಿಕಾನ್ಫಿಗ್ ಹೊಡದ್ರ ಡೀಫಾಲ್ಟ್ ಗೇಟ್‌ವೇ ಅಂತ ಬರ್ತದ, ಅದ ರೂಟರ್ ವಿಳಾಸ. ಲ್ಯಾಪ್‌ಟಾಪ್ ಸೇರಿಲ್ಲ ಅಂದ್ರ ಫೋನ್ ವೈಫೈ ವಿವರದಾಗ ನೋಡ್ರಿ. ಭಾಳ ಕಡೆ 192.168.1.1, ಜಿಯೋಫೈಬರ್ ಇದ್ರ 192.168.29.1. ಒಳಗ ಹೋಗಿ ವೈರ್‌ಲೆಸ್ ಸೆಕ್ಯುರಿಟಿ ತಗದು ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಕ್ಸೆಡ್ ಮಾಡ್ರಿ. ಹಳೇವು 2ಕ್ಕ ಸೇರ್ತಾವ, ಹೊಸಾವು 3ಕ್ಕ. ಮುಗೀತು.

ರೂಟರ್‌ರಾಯ · 10:15

ಮಿಕ್ಸೆಡ್‌ಗೆ ನನ್ನ ಓಟಿಲ್ಲ. ಎರಡು ಕಾರಣ.

ಹಳೇ ಡ್ರೈವರ್‌ಗಳಲ್ಲಿ ಕೆಲವು, ರೂಟರ್ ಪ್ರಕಟಿಸೋ ಪಟ್ಟಿಯಲ್ಲಿ ಎರಡು ವಿಧಾನ ಒಟ್ಟಿಗೆ ಕಂಡ್ರೆ ಕಕ್ಕಾಬಿಕ್ಕಿ ಆಗಿ ಎರಡನ್ನೂ ಬಿಟ್ಟುಬಿಡ್ತವೆ. ಪ್ರಿಂಟರ್, ಸ್ಮಾರ್ಟ್ ಬಲ್ಬ್‌ಗಳದ್ದಂತೂ ಇದೇ ಹಾಡು. ಅಂಥ ಕಡೆ ಪಿಎಂಎಫ್ ಅನ್ನ «ರಿಕ್ವೈರ್ಡ್» ಇಂದ «ಕೇಪಬಲ್»ಗೆ ಇಳಿಸಿದ್ರೆ ಒಮ್ಮೊಮ್ಮೆ ಸರಿಹೋಗತ್ತೆ.

ಎರಡನೇದು, ಮಿಕ್ಸೆಡ್‌ನಲ್ಲಿ ಎರಡಕ್ಕೂ ಒಂದೇ ಪಾಸ್‌ವರ್ಡ್. ಕದಿಯೋನು 2ರ ಬಾಗಿಲಲ್ಲಿ ಕೂತು ತಾಳೆ ನೋಡೋ ಆ ನಾಲ್ಕು ಸಂದೇಶ ಹಿಡಿದು, ಮನೆಗೊಯ್ದು ಪಾಸ್‌ವರ್ಡ್ ಊಹಿಸ್ಬೋದು. ಸಿಕ್ರೆ 3ರ ಬಾಗಿಲೂ ತೆರೀತು. ಹಾಗಾದ್ರೆ 3 ಇಟ್ಟುಕೊಂಡು ಪ್ರಯೋಜನ ಏನು?

2.4 ಬ್ಯಾಂಡ್‌ಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಬರೀ ಡಬ್ಲ್ಯುಪಿಎ2-ಎಇಎಸ್. 5 ಗಿಗಾಹರ್ಟ್ಸ್ ಬ್ಯಾಂಡ್ ಡಬ್ಲ್ಯುಪಿಎ3 ಆಗೇ ಇರಲಿ, ಫೋನುಗಳು ಅಲ್ಲಿರಲಿ. ಸ್ಮಾರ್ಟ್ ಕನೆಕ್ಟ್ ಅಥವಾ ಬ್ಯಾಂಡ್ ಸ್ಟೀರಿಂಗ್ (ಎರಡು ಬ್ಯಾಂಡಿಗೂ ಒಂದೇ ಹೆಸರು ಇಡೋದು) ಆನ್ ಇದ್ರೆ ಮೊದಲು ಆಫ್ ಮಾಡಿ, ಇಲ್ಲಾಂದ್ರೆ ಎರಡನ್ನೂ ಬೇರೆ ಮಾಡೋ ಆಯ್ಕೆ ಬೂದು ಬಣ್ಣಕ್ಕೆ ತಿರುಗಿ ಒತ್ತೋಕೇ ಆಗಲ್ಲ.

ಕರಾವಳಿಕೇಬಲ್ · 10:19

ಗೆಸ್ಟ್ ನೆಟ್‌ವರ್ಕ್ ಉಂಟಲ್ಲ ಮಾರಾಯ್ರೆ, ಅದನ್ನೇ ಡಬ್ಲ್ಯುಪಿಎ2 ಮಾಡಿದ್ರೆ ಆಯ್ತಲ್ಲ?

ರೂಟರ್‌ರಾಯ · 10:21

ಆಗತ್ತೆ, ಬರೀ ಇಂಟರ್ನೆಟ್ ಸಾಕಾದ್ರೆ. ಗೆಸ್ಟ್‌ನಲ್ಲಿರೋರಿಗೆ ಮನೆ ಪ್ರಿಂಟರ್, ಟಿವಿ ಕಾಣಲ್ಲ, ಬೇಲಿ ಹಾಕಿರ್ತಾರೆ. ಲ್ಯಾಪ್‌ಟಾಪಿಂದ ಪ್ರಿಂಟ್ ತೆಗೀಬೇಕು ಅಂದ್ರೆ ಒದ್ದಾಟ.

ಹುಬ್ಳಿಹುಡ್ಗ · 10:24

ನಿಮ್ಮ ಎರಡನೇ ಕಾರಣ ಖರೆ ಅದ, ಒಪ್ಪಿದೆ. ಆದ್ರ ಪಾಸ್‌ವರ್ಡ್ ಗಟ್ಟಿ ಇದ್ರ ಊಹಿಸೂದು ಎಲ್ಲಿಂದ ಬಂತು? ಮಂದಿ ಮೊಬೈಲ್ ನಂಬರ್ ಇಡ್ತಾರ, ಅದಕ್ಕ ತ್ರಾಸ.

ಸಾಲುಮರ · 10:33

ಮೊಬೈಲ್ ನಂಬರ್ ಲೆಕ್ಕ ಹಾಕೋಣ. ನಮ್ಮಲ್ಲಿ ಹತ್ತಂಕಿ, ಮೊದಲಂಕಿ 6, 7, 8, 9ರಲ್ಲಿ ಒಂದು. ಒಟ್ಟು 400 ಕೋಟಿ ಸಾಧ್ಯತೆ. ಕೇಳೋಕೆ ದೊಡ್ಡದು. ಒಂದು ಒಳ್ಳೇ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಡಬ್ಲ್ಯುಪಿಎ2 ಪಾಸ್‌ವರ್ಡ್‌ಗಳನ್ನ ಸೆಕೆಂಡಿಗೆ 10ರಿಂದ 20 ಲಕ್ಷ ಪರೀಕ್ಷಿಸತ್ತೆ. ಭಾಗಿಸಿ: ಅರ್ಧ ಗಂಟೆಯಿಂದ ಒಂದು ಗಂಟೆ ಚಿಲ್ಲರೆಗೆ ಅಷ್ಟೂ ನಂಬರ್ ಮುಗೀತು. ನಂಬರ್ ಗೇಟಿನ ಬೋರ್ಡಲ್ಲೇ ಬರೆದಿದ್ರೆ ಅದೂ ಬೇಕಿಲ್ಲ.

ಅದರ ಬದಲು ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ, ಮಧ್ಯೆ ಅಡ್ಡಗೆರೆ ಹಾಕಿ. ಒನಕೆ, ಟಪಾಲು, ಹಾಗಲ, ಇಸ್ಕೂಲು, ಗೂಟ, ಈ ತರ. ಇವನ್ನೇ ಇಡಬೇಡಿ ಮತ್ತೆ. ಗಾದೆ, ವಚನದ ಸಾಲು, ಸಿನಿಮಾ ಡೈಲಾಗ್ ಬೇಡ, ಅವು ಪಟ್ಟಿಯಲ್ಲಿ ಸಿಗ್ತವೆ.

ರೂಟರ್‌ನ ಡೀಫಾಲ್ಟ್ ಹೆಸರನ್ನೂ ಬದಲಾಯಿಸಿ. ಕೀ ಮಾಡುವಾಗ ಹೆಸರು ಉಪ್ಪಿನ ತರ ಬೆರೆಯತ್ತೆ ಅಂತ ಮೇಲೆ ಬಂತಲ್ಲ. ಎಲ್ಲರ ಮನೇಲೂ ಇರೋ ಹೆಸರಿಗೆ ಮುಂಚೆಯೇ ಅರೆದಿಟ್ಟ ಪಟ್ಟಿ ಮಾಡ್ಕೋಬೋದು, ನಿಮ್ಮದೇ ಹೆಸರಿಗೆ ಆಗಲ್ಲ.

ಕೀಲಿಮಣೆ · 10:36

ಡಬ್ಲ್ಯುಪಿಎಸ್ ಬಟನ್ ಒತ್ತಿ ಸೇರ್ಸಿದ್ರೆ ಪಾಸ್‌ವರ್ಡ್ ಹೊಡಿಯೋ ಗೋಳೇ ಇಲ್ಲವಲ್ಲ?

ರೂಟರ್‌ರಾಯ · 10:40

ಡಬ್ಲ್ಯುಪಿಎ3ಯಲ್ಲಿ ಡಬ್ಲ್ಯುಪಿಎಸ್ ಇಲ್ಲ. ಡಬ್ಲ್ಯುಪಿಎ2ನಲ್ಲೂ ಬಟನ್ ಪರವಾಗಿಲ್ಲ, ಪಿನ್ ವಿಧಾನ ಮಾತ್ರ ಆಫ್ ಮಾಡ್ಲೇಬೇಕು. ಎಂಟಂಕಿ ಪಿನ್ ಅನ್ನ ರೂಟರ್ ಎರಡು ತುಂಡಾಗಿ ಪರೀಕ್ಷಿಸತ್ತೆ, ಕೊನೇ ಅಂಕಿ ಬರೀ ತಾಳೆಗೆ. ಹಾಗಾಗಿ ಮೊದಲ ತುಂಡಿಗೆ 10,000, ಎರಡನೇದಕ್ಕೆ 1,000, ಒಟ್ಟು 11,000 ಪ್ರಯತ್ನ ಸಾಕು. 2011ರಲ್ಲೇ ಬಯಲಾದ ವಿಷಯ.

ಹಳೆಪೆಟ್ಟಿಗೆ · 10:58

ರೂಟರ್‌ರಾಯ ಹೇಳಿದ ಹಾಗೆ ಮಾಡ್ದೆ. ಸ್ಮಾರ್ಟ್ ಕನೆಕ್ಟ್ ಆಫ್, 2.4ಕ್ಕೆ ಹೊಸ ಹೆಸರು, ಡಬ್ಲ್ಯುಪಿಎ2-ಎಇಎಸ್, ಸೇವ್. ರೂಟರ್ ಆಫ್ ಆಗಿ ಆನ್ ಆಯ್ತು. ಫೋನಲ್ಲಿ ಹೊಸ ಹೆಸರು ಕಾಣತ್ತೆ. ಲ್ಯಾಪ್‌ಟಾಪ್‌ನಲ್ಲಿ ಈಗ ಹೆಸರೇ ಮಾಯ! ಪಕ್ಕದ ಮನೆಯವರದ್ದೆಲ್ಲ ಕಾಣ್ತಿದೆ.

ಬಯಲುಸೀಮೆ · 10:59

ನಾನು ಓಪನ್ ಬಿಡಿ ಅಂದಾಗ ನಕ್ಕರಲ್ಲ.

ಕರಾವಳಿಕೇಬಲ್ · 11:03

ಒಂದು ಪ್ರಶ್ನೆ. ಲ್ಯಾಪ್‌ಟಾಪ್ ಇಲ್ಲಿ ತಗೊಂಡದ್ದಾ, ಅಮೆರಿಕದಿಂದ ಬಂದದ್ದಾ?

ಹಳೆಪೆಟ್ಟಿಗೆ · 11:05

ಅಮೆರಿಕದಿಂದ ಬಂದಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕರಾವಳಿಕೇಬಲ್ · 11:12

ಸಂಬಂಧ ಉಂಟು. 2.4 ಬ್ಯಾಂಡ್‌ನಲ್ಲಿ ನಮ್ಮಲ್ಲಿ 1ರಿಂದ 13 ಚಾನೆಲ್ ಬಳಸ್ಬಹುದು. ಅಮೆರಿಕಕ್ಕೆ ಅಂತ ಮಾಡಿದ ಕಾರ್ಡುಗಳು ಸಾಧಾರಣ 11ಕ್ಕೇ ನಿಲ್ತವೆ. ದೇಶದ ಗುರುತು ಕಾರ್ಡಿನ ಒಳಗೇ ಬರೆದಿರ್ತದೆ, ವಿಂಡೋಸ್‌ನಲ್ಲಿ ಪ್ರದೇಶ ಇಂಡಿಯಾ ಅಂತ ಮಾಡಿದ್ರೂ ಅದು ಬದಲಾಗುದಿಲ್ಲ. ನಿಮ್ಮ ರೂಟರ್ ಚಾನೆಲ್ ಆಟೋದಲ್ಲಿ ಇರ್ಬೇಕು. ರೀಸ್ಟಾರ್ಟ್ ಆದಾಗ ಖಾಲಿ ಉಂಟು ಅಂತ 12ಕ್ಕೋ 13ಕ್ಕೋ ಹಾರಿದೆ. ಫೋನಿಗೆ ಕಾಣ್ತದೆ, ಲ್ಯಾಪ್‌ಟಾಪಿಗೆ ಇಲ್ಲ.

ಚಾನೆಲ್ ಆಟೋ ತೆಗ್ದು 1, 6, 11 ಇದರಲ್ಲಿ ಒಂದಕ್ಕೆ ಕಟ್ಟಿ ಹಾಕಿ. ಅಗಲ 20 ಮೆಗಾಹರ್ಟ್ಸ್ ಇಡಿ. 40 ಇಟ್ರೆ ಅಪಾರ್ಟ್‌ಮೆಂಟಲ್ಲಿ ನಿಮಗೂ ಸುಖ ಇಲ್ಲ, ಅಕ್ಕಪಕ್ಕದವರಿಗೂ ಇಲ್ಲ. ಯಾವ ಚಾನೆಲ್ ಅಂತ ಗೊತ್ತಾಗ್ಲಿಕ್ಕೆ ಫೋನಲ್ಲಿ ಒಂದು ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿ, ಅದರ ಚಿತ್ರದಲ್ಲಿ ಕಮ್ಮಿ ಗುಡ್ಡ (ಒಂದೊಂದು ನೆಟ್‌ವರ್ಕಿಗೆ ಒಂದೊಂದು) ಇರುವ ಕಡೆ ಹೋಗಿ.

ಗಿರಗಿಟ್ಲೆ · 11:14

4 ಖಾಲಿ ಇದ್ರೆ 4ಕ್ಕೆ ಹಾಕ್ಬಾರ್ದಾ?

ಕರಾವಳಿಕೇಬಲ್ · 11:17

ಹಾಕ್ಬಾರ್ದು. ಚಾನೆಲ್‌ಗಳ ಮಧ್ಯೆ ಅಂತರ 5 ಮೆಗಾಹರ್ಟ್ಸ್, ಒಂದೊಂದು ನೆಟ್‌ವರ್ಕ್ ಹರಡುದು 20. 4ರಲ್ಲಿ ಕೂತ್ರೆ 1ರವರ ಕಾಲಿನ ಮೇಲೂ 6ರವರ ಕಾಲಿನ ಮೇಲೂ ಕೂತ ಹಾಗೆ. ಒಂದೇ ಚಾನೆಲ್‌ನಲ್ಲಿದ್ದವರು ಒಬ್ಬರಿಗೊಬ್ಬರು ಸರದಿ ಬಿಟ್ಕೊಡ್ತಾರೆ, ಅರ್ಧಂಬರ್ಧ ತಾಗುವವರು ಬರೇ ಗದ್ದಲ.

ಹಳೆಪೆಟ್ಟಿಗೆ · 11:29

13ರಲ್ಲೇ ಇತ್ತು!! 6ಕ್ಕೆ ಹಾಕ್ದೆ. ಹೆಸರು ಕಾಣ್ತು, ಪಾಸ್‌ವರ್ಡ್ ಕೇಳ್ತು, ಸೇರ್ತು. ಇದನ್ನ ಲ್ಯಾಪ್‌ಟಾಪಿಂದಲೇ ಬರೀತಿದ್ದೀನಿ.

ಆದ್ರೆ ಸ್ಪೀಡ್ ಟೆಸ್ಟಲ್ಲಿ 38 ಬರ್ತಿದೆ. ಪ್ಲಾನ್ 100ರದ್ದು.

ರೂಟರ್‌ರಾಯ · 11:35

«ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್» ಹೊಡೀರಿ, ರಿಸೀವ್ ರೇಟ್ 72.2 ಅಂತ ಬಂದಿರತ್ತೆ. ಒಂದೇ ಸ್ಟ್ರೀಮಿನ (ಒಂದೇ ಸಾಲಲ್ಲಿ ಡೇಟಾ ಕಳಿಸೋ) ಕಾರ್ಡು, 20 ಮೆಗಾಹರ್ಟ್ಸ್ ಅಗಲ, ಅದರ ಗರಿಷ್ಠ ಅಷ್ಟೇ. ಅದೂ ಗಾಳಿಯಲ್ಲಿನ ವೇಗ. ಸರದಿ ಕಾಯೋದು, ಮುಟ್ಟಿತು ಅನ್ನೋ ಉತ್ತರ ಕಳಿಸೋದು ಎಲ್ಲ ಕಳೆದು ಕೈಗೆ ಸಿಗೋದು ಅರ್ಧ. 38 ಅಂದ್ರೆ ನಿಮ್ಮ ಕಾರ್ಡ್ ನ್ಯಾಯವಾಗಿ ದುಡೀತಿದೆ. ಬ್ಲೂಟೂತ್ ಹೆಡ್‌ಫೋನ್ ಹಾಕ್ಕೊಂಡು ಅಳೆದ್ರೆ ಇನ್ನೂ ಇಳಿಯತ್ತೆ, ಈ ಕಾರ್ಡಲ್ಲಿ ಎರಡೂ ಒಂದೇ 2.4 ಗಾಳಿ ಹಂಚಿಕೊಳ್ತವೆ.

ಹಳೆಪೆಟ್ಟಿಗೆ · 11:37

72.2, ಸರಿಯಾಗಿ. 100 ಬೇಕು ಅಂದ್ರೆ?

ಸಾಲುಮರ · 11:44

ರೂಟರ್ ಪಕ್ಕದಲ್ಲೇ ಕೂರೋದಾದ್ರೆ ಒಂದು ಕ್ಯಾಟ್5ಇ ಲ್ಯಾನ್ ಕೇಬಲ್. ಅದರಷ್ಟು ಅಗ್ಗ, ಅದರಷ್ಟು ಗಟ್ಟಿ ಇನ್ನೊಂದಿಲ್ಲ.

ವೈರ್ ಬೇಡ ಅಂದ್ರೆ ಡ್ಯುಯಲ್ ಬ್ಯಾಂಡ್ ಯುಎಸ್‌ಬಿ ಡಾಂಗಲ್ (ಹೊರಗೆ ಸಿಗಿಸೋ ವೈಫೈ ಕಾರ್ಡ್). ಡಬ್ಬಿ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಒಳಗಿನ ಚಿಪ್ ಯಾವುದು, ಡಬ್ಲ್ಯುಪಿಎ3 ಅಂತ ಬರೆದಿದ್ಯಾ ಅಂತ ನೋಡಿ. ಹೆಬ್ಬೆರಳ ಉಗುರಿನಷ್ಟು ಇರೋ ನ್ಯಾನೋ ಡಾಂಗಲ್‌ಗಳಲ್ಲಿ ಆಂಟೆನಾ ಹೆಸರಿಗಷ್ಟೇ, ಒಂದು ಗೋಡೆ ಅಡ್ಡ ಬಂದ್ರೆ ಸುಸ್ತು. ನೀಲಿ ಯುಎಸ್‌ಬಿ 3 ಪೋರ್ಟಲ್ಲಿ ಹಾರ್ಡ್ ಡಿಸ್ಕ್ ಹಾಕಿ ಅದರ ಪಕ್ಕದಲ್ಲೇ ಡಾಂಗಲ್ ಸಿಗಿಸಿದ್ರೆ 2.4ರಲ್ಲಿ ಗದ್ದಲ ಆಗತ್ತೆ. ಒಂದಡಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ.

ಲಿನಕ್ಸ್‌ಲಿಂಗು · 11:47

ಲಿನಕ್ಸ್‌ಗೆ ತಗೊಳ್ಳೋದಾದ್ರೆ ಮೀಡಿಯಾಟೆಕ್ ಎಂಟಿ7612ಯು ಚಿಪ್ ಇರೋದು ನೋಡಿ, ಡ್ರೈವರ್ ಕರ್ನೆಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ. ರಿಯಲ್‌ಟೆಕ್ ಕೆಲವಕ್ಕೆ ಹೊರಗಿನ ಡ್ರೈವರ್ ಹಾಕ್ಬೇಕು, ಕರ್ನೆಲ್ ಅಪ್‌ಡೇಟ್ ಆದ ಬೆಳಿಗ್ಗೆ ವೈಫೈ ಇರಲ್ಲ.

ಕೀಲಿಮಣೆ · 11:52

ಒಳಗಿನ ಕಾರ್ಡೇ ಬದಲಾಯಿಸೋದಾದ್ರೆ ಎರಡು ಎಚ್ಚರ. ಆ ಕಾಲದವು ಕೆಲವು ಮಿನಿ ಪಿಸಿಐಇ, ಕೆಲವು ಎಂ.2, ಇವು ಕಾರ್ಡ್ ಕೂರೋ ಕಿಂಡಿಯ ಎರಡು ನಮೂನೆ. ಎರಡರ ಆಂಟೆನಾ ಕೊಂಡಿಯ ಗಾತ್ರ ಬೇರೆ ಬೇರೆ, ಒತ್ತಿ ಕೂರಿಸೋಕೆ ಹೋದ್ರೆ ಸಾಸಿವೆ ಕಾಳಿನಷ್ಟಿರೋ ಆ ಕೊಂಡಿ ಚಪ್ಪಟೆ ಆಗತ್ತೆ. ತೆಗೆಯೋ ಮುಂಚೆ ಕರಿ ವೈರ್ ಎಲ್ಲಿತ್ತು, ಬಿಳಿ ಎಲ್ಲಿತ್ತು ಅಂತ ಫೋಟೋ ತೆಗೆದಿಡಿ. ಹಳೇ ಥಿಂಕ್‌ಪ್ಯಾಡ್‌ಗಳಲ್ಲಿ ಬಯಾಸ್ (ಆನ್ ಆದಾಗ ಮೊದಲು ಓಡೋ ಸಾಫ್ಟ್‌ವೇರ್) ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದ್ರೆ 1802 ಅಂತ ಎರರ್ ತೋರಿಸಿ ಬೂಟೇ ಆಗಲ್ಲ.

ಹಳೆಪೆಟ್ಟಿಗೆ · 11:58

ಸದ್ಯಕ್ಕೆ ಕೇಬಲ್ ಎಳೀತೀನಿ. ಇನ್ನೊಂದು: 2.4 ನೆಟ್‌ವರ್ಕಿಗೆ ಕನ್ನಡದಲ್ಲೇ «ಶ್ರೀನಿವಾಸನಿಲಯ» ಅಂತ ಹೆಸರಿಡೋಕೆ ಹೋದೆ, ರೂಟರ್ ತಗೊಳ್ತಿಲ್ಲ. ಕನ್ನಡ ನಡಿಯಲ್ವಾ?

ಸಾಲುಮರ · 12:06

ಪಾಸ್‌ವರ್ಡಲ್ಲಿ ನಡಿಯಲ್ಲ, ಹೆಸರಲ್ಲಿ ನಡಿಯತ್ತೆ. ಆದ್ರೆ ಹೆಸರಿಗೆ ಜಾಗ 32 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ನಮ್ಮದಕ್ಕೆ ಯುಟಿಎಫ್-8 ಅನ್ನೋ ಸಂಕೇತ ಪದ್ಧತಿಯಲ್ಲಿ ಮೂರು. ಗುಣಿತ, ಒತ್ತಕ್ಷರ ಮಾಡೋ ಅರ್ಧಾಕ್ಷರದ ಗುರುತು (ವಿರಾಮ) ಎಲ್ಲ ಬೇರೆ ಬೇರೆ ಎಣಿಸ್ಬೇಕು. «ಶ್ರೀ» ಒಂದಕ್ಕೇ ಶ, ಅದರ ವಿರಾಮ, ರ, ದೀರ್ಘ, ಒಟ್ಟು ನಾಲ್ಕು, 12 ಬೈಟ್. ನಿಮ್ಮ ಪೂರ್ತಿ ಹೆಸರು 13 ಚಿಹ್ನೆ, 39 ಬೈಟ್. ಹಿಡಿಸಲ್ಲ. «ನಮ್ಮಮನೆ» 7 ಚಿಹ್ನೆ, 21 ಬೈಟ್, ಆರಾಮಾಗಿ ಕೂರತ್ತೆ.

ಗಿರಗಿಟ್ಲೆ · 12:08

ಶ್ರೀ ಬಿಟ್ಟು «ನಿವಾಸನಿಲಯ» ಅಂತಿಡಿ, 27. ಮನೆಮನೆ ಅಂದ ಹಾಗಾಯ್ತು.

ಹುಬ್ಳಿಹುಡ್ಗ · 12:10

ಕೆಲವು ರೂಟರ್ ಪೇಜ್ ಇಂಗ್ಲಿಷ್ ಬಿಟ್ಟು ಏನ ಹೊಡದ್ರೂ ಒಪ್ಪಂಗಿಲ್ಲ ನೋಡ್ರಿ. ಮ್ಯಾಲೆ ಹೆಸರ ಬದಲ ಮಾಡಿದ ಮ್ಯಾಲೆ ಆ ನೆಟ್‌ವರ್ಕಿನ್ಯಾಗ ಇದ್ದ ಎಲ್ಲಾ ಸಾಮಾನಿಗೂ ಮತ್ತ ಪಾಸ್‌ವರ್ಡ್ ಕೊಡಬೇಕು. ಹೊಸ ರೂಟರ್ ತಂದಾಗ ಹಳೇ ಹೆಸರು, ಹಳೇ ಪಾಸ್‌ವರ್ಡ್, ಹಳೇ ಸೆಕ್ಯುರಿಟಿ ಮೂರೂ ಹಂಗ ಇಟ್ರ ಯಾವದನ್ನೂ ಮುಟ್ಟೂದ ಬೇಕಿಲ್ಲ, ತಾವ ಸೇರ್ತಾವ.

ಹಳೆಪೆಟ್ಟಿಗೆ · 12:19

«ನಮ್ಮಮನೆ» ತಗೊಳ್ತು. ಲ್ಯಾಪ್‌ಟಾಪಲ್ಲಿ ನೆಟ್ಟಗೆ ಕಾಣ್ತಿದೆ. ಟಿವಿಯಲ್ಲಿ ಏಳು ಚೌಕ ಕಾಣ್ತಿದೆ, ಆದ್ರೂ ಸೇರ್ಕೊಂಡಿದೆ.